ತಾಳ್ಮೆ ತಪ್ಪಿದಾಗಿನ ಸ್ಪ್ಯಾನಿಷ್: ಯಾರು, ಯಾರಿಗೆ?

ಹೊಸ ಭಾಷೆಯೊಂದನ್ನು ಕಲಿಯತೊಡಗಿದವರಿಗೆ ಪಠ್ಯಪುಸ್ತಕವು ಮೊದಲು ಕಲಿಸುವುದು ಸೌಜನ್ಯದ ಮಾತುಗಳನ್ನು: ನಮಸ್ಕಾರ, ದಯವಿಟ್ಟು, ಧನ್ಯವಾದ, ಕ್ಷಮಿಸಿ. ಆದರೆ ಆ ಭಾಷೆಯನ್ನಾಡುವ ಜನರ ನಡುವೆ ಒಂದು ಹಗಲು ಕಳೆದರೆ ಕಿವಿಗೆ ಬೀಳುವುದು ಬೇರೆಯೇ ಬಗೆಯ ಮಾತು. ಬಸ್ಸು ತಡವಾದಾಗ, ಕರೆದರೂ ಮಗು ಊಟಕ್ಕೆ ಏಳದಿದ್ದಾಗ, ಸರದಿಯ ಸಾಲು ಮುಂದೆ ಸರಿಯದಿದ್ದಾಗ, ಗೆಳೆಯನು ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುತ್ತಿದ್ದಾಗ ನಾಲಗೆಯಿಂದ ತಾನಾಗಿ ಜಾರುವ ಒಂದೆರಡು ಅಕ್ಷರಗಳ ಉದ್ಗಾರಗಳವು. ಪಠ್ಯಪುಸ್ತಕಗಳಲ್ಲಿ ಅವುಗಳಿಗೆ ಸಿಗುವುದು ಪಾಠದ ಕೊನೆಯ ಚೌಕಟ್ಟಿನಲ್ಲೊಂದು ಪಟ್ಟಿ ಮಾತ್ರ. ಒಂದು ಪದ, ಅದರ ಎದುರಿಗೆ ಒಂದು ಅರ್ಥ.

ಸ್ಪ್ಯಾನಿಷ್ ಭಾಷೆಯಲ್ಲಿ ತಾಳ್ಮೆ ತಪ್ಪಿದಾಗ ಹೊರಡುವ ಇಂತಹ ಮಾತುಗಳನ್ನು ಹೇಗೆ ಕಲಿಯಬೇಕು ಎಂಬುದು ಈ ಲೇಖನದ ವಿಷಯ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಇವುಗಳನ್ನು ಕಿವಿಗೆ ಮೊದಲ ದಿನದಿಂದಲೇ ಕಲಿಸಬೇಕು. ನಾಲಗೆಗೆ ಕಟ್ಟಕಡೆಯಲ್ಲಿ ಕಲಿಸಬೇಕು. ಏಕೆಂದರೆ ಅಸಹನೆಯ ಮಾತಿನ ಅರ್ಥದಲ್ಲಿ ಅರ್ಧಾಂಶ ಮಾತ್ರ ಪದದಲ್ಲಿದೆ. ಉಳಿದ ಅರ್ಧಾಂಶವು ಆ ಮಾತನ್ನು ಯಾರು ಯಾರಿಗೆ ಹೇಳಿದರು ಎಂಬುದರಲ್ಲಿದೆ. ಈ ಎರಡನೆಯ ಅರ್ಧವನ್ನು ಗ್ರಹಿಸುವ ಕಿವಿ, ನಾಲ್ಕಾರು ಭಾಷೆಗಳ ನಡುವೆ ಬೆಳೆದ ಗಡಿನಾಡಿನ ಕನ್ನಡ ವಿದ್ಯಾರ್ಥಿಗಳಿಗೆ ಆಗಲೇ ಒದಗಿದೆ. ಅದನ್ನು ಅವರು ಒಂದು ವಿದ್ಯೆಯೆಂದು ಎಣಿಸಿಲ್ಲ, ಅಷ್ಟೆ.

ಸ್ಪ್ಯಾನಿಷನ್ನೇ ಏಕೆ ಆರಿಸಿಕೊಂಡೆನೆಂದು ಕೇಳಬಹುದು. ಇಪ್ಪತ್ತು ಸ್ವತಂತ್ರ ದೇಶಗಳ ಅಧಿಕೃತ ಭಾಷೆಯದು. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾನಿಲಯದಲ್ಲಿಯೂ ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾನಿಲಯದಲ್ಲಿಯೂ ಅದರ ಅಧ್ಯಯನವಿದೆ. ಸ್ಪೇನ್ ಸರ್ಕಾರವು 1991ರಲ್ಲಿ ಸ್ಥಾಪಿಸಿದ ಸೆರ್ವಾಂತೆಸ್ ಸಂಸ್ಥೆಯ ಶಾಖೆಯೊಂದು ದೆಹಲಿಯಲ್ಲಿದೆ. ಪದವಿಯೊಂದಿಗೆ ಒಂದು ವಿದೇಶಿ ಭಾಷೆಯಿದ್ದರೆ ಉದ್ಯೋಗಕ್ಕೆ ಅನುಕೂಲವೆಂದು ಯೋಚಿಸುವ ವಿದ್ಯಾರ್ಥಿಗಳ ಮನಸ್ಸಿನಲ್ಲಿ ಈ ಹೆಸರು ಸುಳಿಯುವುದು ಸಹಜ. ಐಚ್ಛಿಕ ಕನ್ನಡವನ್ನು ಆರಿಸಿಕೊಂಡವರು ಅಂತಹ ಕಲಿಕೆಗೆ ಬರಿಗೈಯಲ್ಲಿ ಹೋಗುತ್ತಾರೆಂಬ ಭಾವನೆ ನಮ್ಮಲ್ಲಿದೆ. ಅದು ಎಷ್ಟು ತಪ್ಪೆಂಬುದನ್ನು ತೋರಿಸಲು ಅಸಹನೆಯ ಉದ್ಗಾರಗಳಿಗಿಂತ ಒಳ್ಳೆಯ ಉದಾಹರಣೆ ಸಿಗದು.

ಈ ಉದ್ಗಾರಗಳನ್ನು ಸ್ಥೂಲವಾಗಿ ಮೂರು ಗುಂಪು ಮಾಡಬಹುದು. ಮೊದಲನೆಯದು ಅವಸರಪಡಿಸುವ ಮಾತುಗಳು: ‘ಬಾಮೋಸ್’, ‘ಬೆಂಗ’, ‘ಆಂದ’, ‘ದಾಲೆ’, ಮೆಕ್ಸಿಕೋದ ‘ಆಂದಲೆ’. ಎರಡನೆಯದು ತಡೆಯುವ ಮಾತುಗಳು: ‘ಬಾಸ್ತ’, ‘ಯಾ’, ‘ಸೆ ಅಕಬೋ’. ಮೂರನೆಯದು ಬೇಸತ್ತ ಮಾತುಗಳು: ‘ಎಸ್ತೊಯ್ ಆರ್ತೊ’, ‘ಕೆ ಪೆಸಾದೊ’, ‘ಪೋರ್ ದ್ಯೋಸ್’. ಇಲ್ಲಿ ಲಿಪಿಯ ಕುರಿತು ಒಂದು ಮಾತು. ಸ್ಪ್ಯಾನಿಷ್ ಬರಹದಲ್ಲಿ ‘ವ’ ಎಂದು ಕಾಣುವ ಅಕ್ಷರದ ಉಚ್ಚಾರ ‘ಬ’ಕಾರದ್ದು, ಆದುದರಿಂದಲೇ ‘ವಾಮೋಸ್’ ಎನ್ನದೆ ‘ಬಾಮೋಸ್’ ಎಂದು ಬರೆದಿದ್ದೇನೆ. ಅದರ ತಕಾರ ದಕಾರಗಳು ನಮ್ಮ ದಂತ್ಯಾಕ್ಷರಗಳಿಗೆ ಹತ್ತಿರ. ಇಂಗ್ಲಿಷಿನ ಮೂಲಕ ಕಲಿಯುವವರು ಅವುಗಳನ್ನು ಟಕಾರ ಡಕಾರಗಳತ್ತ ಎಳೆಯುತ್ತಾರೆ. ಸ್ವರಭಾರ ಬೀಳುವ ಅಕ್ಷರವನ್ನು ನಮ್ಮ ದೀರ್ಘದಿಂದ ಸೂಚಿಸಿಕೊಳ್ಳಬಹುದು. ಹೀಗಾಗಿ ಇಂಗ್ಲಿಷ್ ಲಿಪಿಗಿಂತ ಕನ್ನಡ ಲಿಪಿಯಲ್ಲಿ ಬರೆದುಕೊಂಡ ಸ್ಪ್ಯಾನಿಷ್ ಉಚ್ಚಾರಕ್ಕೆ ಹೆಚ್ಚು ನಿಷ್ಠವಾಗಿರುತ್ತದೆ. ಕಲಿಕೆಯ ಮೊದಲ ತಿಂಗಳುಗಳಲ್ಲಿ ಇದೊಂದು ಸಣ್ಣ ಅನುಕೂಲವೇನಲ್ಲ.

ಮೊದಲ ಗುಂಪಿನ ಪದಗಳನ್ನು ಬಿಡಿಸಿ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ‘ಆಂದ’ ಎಂದರೆ ‘ನಡೆ’ ಎಂಬ ವಿಧಿರೂಪ. ‘ಬೆಂಗ’ ಎಂದರೆ ‘ಬರಲಿ, ಬನ್ನಿ’. ‘ಬಾಮೋಸ್’ ಎಂದರೆ ‘ಹೋಗೋಣ’. ‘ದಾಲೆ’ ಎಂದರೆ ‘ಅದಕ್ಕೆ ಕೊಡು’. ಗಮನ ಸೆಳೆಯುವ ‘ಮೀರ’ ಎಂದರೆ ‘ನೋಡು’. ‘ಓಯೆ’ ಎಂದರೆ ‘ಕೇಳು’. ಎಲ್ಲವೂ ಒಂದು ಕಾಲದಲ್ಲಿ ನೇರ ಅರ್ಥವುಳ್ಳ ಕ್ರಿಯಾಪದಗಳು. ಬಳಕೆಯಲ್ಲಿ ಸವೆದು ಅವ್ಯಯಗಳಂತಾಗಿವೆ. ಎದುರಿನವನು ನಡೆಯಬೇಕಾದ ಅಗತ್ಯವಿಲ್ಲದಿದ್ದರೂ ಅವನಿಗೆ ‘ಆಂದ’ ಎನ್ನಬಹುದು. ಕನ್ನಡದಲ್ಲಿ ನಾವು ಮಾಡುವುದೂ ಇದನ್ನೇ. ‘ನಡಿ ನಡಿ, ಓದು’ ಎಂದಾಗ ಯಾರೂ ಎದ್ದು ನಡೆಯುವುದಿಲ್ಲ. ‘ಹೋಗ್ಲಿ ಬಿಡು’ ಎಂದಾಗ ಹೋಗುವುದೇನೂ ಇಲ್ಲ, ಬಿಡುವುದೇನೂ ಇಲ್ಲ. ಕ್ರಿಯಾಪದವು ಭಾವಸೂಚಕವಾಗಿ ಮಾರ್ಪಡುವ ಈ ವ್ಯಾಪಾರವನ್ನು ವ್ಯಾಕರಣದ ತರಗತಿಯಲ್ಲಿ ಅವ್ಯಯಗಳ ಪಟ್ಟಿಯಾಗಿ ಉರು ಹೊಡೆದ ವಿದ್ಯಾರ್ಥಿಗೆ, ಅದು ಕಣ್ಣೆದುರು ನಡೆಯುವುದನ್ನು ಮತ್ತೊಂದು ಭಾಷೆ ತೋರಿಸಿಕೊಡುತ್ತದೆ.

ಎರಡನೆಯ ಗುಂಪಿನ ‘ಬಾಸ್ತ’ ಇನ್ನೂ ಸ್ವಾರಸ್ಯಕರವಾದುದು. ಸಾಲುವುದು ಎಂಬರ್ಥದ ‘ಬಸ್ತಾರ್’ ಧಾತುವಿನ ವರ್ತಮಾನ ರೂಪವದು. ‘ಸಾಲುತ್ತದೆ’ ಎಂಬುದು ಅಕ್ಷರಾರ್ಥ. ನಮ್ಮ ‘ಸಾಕು’ ಕೂಡ ‘ಸಾಲ್’ ಧಾತುವಿನಿಂದ ಬಂದುದು. ಶಾಲಾ ವ್ಯಾಕರಣವು ಅದನ್ನು ‘ಬೇಕು, ಬೇಡ, ಉಂಟು’ಗಳೊಡನೆ ಕ್ರಿಯಾರ್ಥಕಾವ್ಯಯವೆಂದು ಎಣಿಸುತ್ತದೆ. ಎರಡು ಭಾಷೆಗಳೂ ಒಂದೇ ದಾರಿಯಲ್ಲಿ ಯೋಚಿಸಿವೆ: ತಾಳ್ಮೆಯ ಅಳತೆಗೋಲು ತುಂಬಿತು, ಇನ್ನು ಹಿಡಿಸದು. ಮೂರನೆಯ ಗುಂಪಿನ ‘ಆರ್ತೊ’ ಎಂಬ ಪದಕ್ಕೂ ಲ್ಯಾಟಿನ್ ಮೂಲದಲ್ಲಿ ‘ತುರುಕಿ ತುಂಬಿದ’ ಎಂದೇ ಅರ್ಥ. ‘ಎಸ್ತೊಯ್ ಆರ್ತೊ’ ಎಂದು ಹೇಳುವ ಗಂಡಸು, ‘ಎಸ್ತೊಯ್ ಆರ್ತ’ ಎಂದು ಹೇಳುವ ಹೆಂಗಸು, ಇಬ್ಬರೂ ಹೇಳುತ್ತಿರುವುದು ‘ಗಂಟಲವರೆಗೆ ತುಂಬಿಹೋಗಿದೆ’ ಎಂದು. ‘ಸಾಕಾಗಿ ಹೋಯಿತು’ ಎಂಬ ನಮ್ಮ ಮಾತು ಇದರ ಪಕ್ಕದಲ್ಲಿಯೇ ನಿಲ್ಲುತ್ತದೆ.

ಇಲ್ಲಿ ಭಾಷಾಶಾಸ್ತ್ರದ ವಿದ್ಯಾರ್ಥಿಗಳು ಒಂದು ಎಚ್ಚರವನ್ನು ಇಟ್ಟುಕೊಳ್ಳಬೇಕು. ‘ಬಾಸ್ತ’ ಎಂಬುದನ್ನು ಕೇಳಿದೊಡನೆ ಹಿಂದೂಸ್ತಾನಿಯ ಮೂಲಕ ನಮ್ಮ ಆಡುಮಾತಿಗೂ ಬಂದಿರುವ ‘ಬಸ್’ ನೆನಪಾಗುತ್ತದೆ. ಎರಡಕ್ಕೂ ಸಾಕೆಂದೇ ಅರ್ಥ. ಆದರೆ ‘ಬಸ್’ ಪಾರಸೀ ಪದ; ‘ಬಾಸ್ತ’ ಗ್ರೀಕ್ ಮೂಲದಿಂದ ಜನಬಳಕೆಯ ಲ್ಯಾಟಿನ್ನಿಗೆ ಬಂದು ಸ್ಪ್ಯಾನಿಷಿಗೆ ಇಳಿದ ಪದ. ಹೋಲಿಕೆ ಆಕಸ್ಮಿಕವಾದುದು. ಹಾಗೆಯೇ ‘ಸಾಕು’ ಎಂಬರ್ಥದ ತುಳುವಿನ ‘ಯಾವು’ ಮತ್ತು ಅದೇ ಸಂದರ್ಭದಲ್ಲಿ ಬರುವ ಸ್ಪ್ಯಾನಿಷಿನ ‘ಯಾ’ ಕಿವಿಗೆ ಹತ್ತಿರವೆನಿಸಿದರೂ ಅವುಗಳ ನಡುವೆ ನಂಟಿಲ್ಲ. ಇನ್ನೊಂದೆಡೆ, ಸಲುಗೆಯ ‘ನೀನು’ ಎಂಬುದಕ್ಕಿರುವ ಸ್ಪ್ಯಾನಿಷಿನ ‘ತೂ’ ಮತ್ತು ಕೊಂಕಣಿ, ಮರಾಠಿ, ಹಿಂದಿಗಳ ‘ತೂ’ ಇವೆಯಲ್ಲ, ಅವು ನಿಜವಾಗಿಯೂ ಒಂದೇ ಇಂಡೋ-ಯುರೋಪಿಯನ್ ಮನೆತನದ ಕುಡಿಗಳು. ಕಿವಿ ಹೇಳುವ ಸಂಬಂಧವನ್ನು ಕೂಡಲೇ ನಂಬಬಾರದು, ಕೂಡಲೇ ತಳ್ಳಿಯೂ ಹಾಕಬಾರದು ಎಂಬ ಪಾಠ ಈ ಪುಟ್ಟ ಪದಗಳಿಂದಲೇ ದೊರೆಯುತ್ತದೆ.

ಉದ್ಗಾರಗಳಲ್ಲಿ ‘ಯಾ’ ಎಂಬ ಏಕಾಕ್ಷರವೇ ಅತ್ಯಂತ ಕಠಿಣವಾದುದು. ‘ಆಗಲೇ’, ‘ಈಗ’, ‘ಇನ್ನು’, ‘ಸಾಕು’, ‘ಗೊತ್ತಾಯಿತು’ ಇಷ್ಟೂ ಅರ್ಥಗಳನ್ನು ಅದು ಹೊರುತ್ತದೆ. ‘ಯಾ ಎಸ್ತಾ ಬ್ಯೆನ್’ ಎಂಬುದನ್ನು ಪದಶಃ ಬಿಡಿಸಿದರೆ ‘ಈಗ ಚೆನ್ನಾಗಿದೆ’ ಎಂದಾಗುತ್ತದೆ. ಹುಬ್ಬು ಗಂಟಿಕ್ಕಿದವರ ಬಾಯಲ್ಲಿ ಅದರ ಅರ್ಥ ‘ಇಷ್ಟಕ್ಕೇ ನಿಲ್ಲಿಸು’. ‘ಯಾ ಎರ ಓರ’ ಎಂಬುದು ಪದಶಃ ‘ಆಗಲೇ ಹೊತ್ತಾಗಿತ್ತು’. ಭಾವದಲ್ಲಿ ‘ಅಂತೂ ಈಗಲಾದರೂ ಬಂದೆಯಲ್ಲ’. ಕನ್ನಡದ ‘ಆಯ್ತು ಆಯ್ತು’ ಎಂಬುದನ್ನು ಹೊರಗಿನವರು ಕಲಿಯುವಾಗ ಇದೇ ತೊಡಕು ಎದುರಾಗುತ್ತದೆ. ಅದು ಒಪ್ಪಿಗೆಯೋ, ಮುಕ್ತಾಯವೋ, ಬಾಯಿ ಮುಚ್ಚಿಸುವ ಉಪಾಯವೋ ಎಂಬುದನ್ನು ದನಿಯೇ ಹೇಳಬೇಕು. ಪಟ್ಟಿಯಲ್ಲಿ ದನಿ ಇರುವುದಿಲ್ಲ.

ಕರೆದವರಿಗೆ ಕೊಡುವ ಉತ್ತರದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅಡುಗೆಮನೆಯಿಂದ ತಾಯಿ ಕೂಗಿದರೆ ಸ್ಪ್ಯಾನಿಷ್ ಮಗು ‘ಯಾ ಬೊಯ್’ ಎನ್ನುತ್ತದೆ. ಎಂದರೆ ‘ಇಗೋ ಹೋಗುತ್ತೇನೆ’. ನಮ್ಮ ಮಗು ‘ಬಂದೆ, ಬಂದೆ’ ಎನ್ನುತ್ತದೆ. ಸ್ಪ್ಯಾನಿಷಿನವರು ತಾವಿರುವ ತಾಣದಿಂದ ಅಳೆದು ‘ಹೋಗು’ ಎಂಬ ಧಾತುವನ್ನು ಬಳಸಿದರೆ, ನಾವು ಕರೆದವರಿರುವ ತಾಣದಿಂದ ಅಳೆದು ‘ಬರು’ ಎಂಬುದನ್ನು ಬಳಸುತ್ತೇವೆ. ಅದಲ್ಲದೆ ಇನ್ನೂ ಕುರ್ಚಿಯಿಂದ ಏಳದಿದ್ದರೂ ಭೂತಕಾಲದಲ್ಲಿ ಹೇಳಿ ಎದುರಿನವರ ಅಸಹನೆಯನ್ನು ತಣಿಸುತ್ತೇವೆ! ಕನ್ನಡದ ಅಭ್ಯಾಸದಂತೆ ‘ಬೆಂಗೊ’, ಅಂದರೆ ‘ಬರುತ್ತೇನೆ’ ಎಂದುಬಿಟ್ಟರೆ ಸ್ಪ್ಯಾನಿಷ್ ಕಿವಿಗೆ ಅದು ತಪ್ಪಾಗಿ ಕೇಳುತ್ತದೆ. ಮೆಕ್ಸಿಕೋದಲ್ಲಿ ‘ಅಓರೀತ’ ಎಂಬ ಉತ್ತರವೂ ಉಂಟು. ‘ಈಗ’ ಎಂಬುದರ ಪುಟಾಣಿ ರೂಪವದು. ಆದರೆ ಅದು ಈ ಕ್ಷಣವೂ ಆಗಬಹುದು, ಇನ್ನೊಂದು ಗಂಟೆಯೂ ಆಗಬಹುದು, ಎಂದೂ ಬರದ ಗಳಿಗೆಯೂ ಆಗಬಹುದು. ಕೆರಿಬಿಯನ್ ದ್ವೀಪಗಳಲ್ಲಿ ಅದೇ ಪದ ‘ಆಮೇಲೆ’ ಎಂಬರ್ಥದಲ್ಲಿ ಬಳಕೆಯಾಗುತ್ತದೆ.

ಒಮ್ಮೆ ಹೇಳಿದ್ದನ್ನು ಮತ್ತೆ ಹೇಳಬೇಕಾಗಿ ಬಂದಾಗ ಹುಟ್ಟುವ ಅಸಹನೆಗೆ ಸ್ಪ್ಯಾನಿಷಿನಲ್ಲಿ ಪ್ರತ್ಯೇಕ ವಾಕ್ಯರಚನೆಯೇ ಇದೆ. ‘ಬಾ’ ಎಂದರೂ ಬಾರದವನಿಗೆ ‘ಕೆ ಬೆಂಗಸ್’ ಎನ್ನುತ್ತಾರೆ. ‘ಎಂದು’ ಎಂಬುದಕ್ಕೆ ಸಮನಾದ ‘ಕೆ’ ಮೊದಲು ಬರುತ್ತದೆ. ‘ಹೇಳಿದೆ’ ಎಂಬ ಕ್ರಿಯಾಪದ ಲೋಪವಾಗಿದೆ. ಇದರ ನಿಜವಾದ ಕನ್ನಡ ರೂಪ ‘ಬಾ’ ಅಲ್ಲ, ‘ಬಾ ಅಂದ್ರೆ’ ಅಥವಾ ‘ಬಾ ಅಂದೆನಲ್ಲ’. ನಿಘಂಟು ಹಿಡಿದು ಕುಳಿತವರಿಗೆ ದಕ್ಕದ ಈ ಸಾಮ್ಯ, ‘ಎನ್’ ಧಾತುವಿನ ವಿವಿಧ ಬಳಕೆಗಳನ್ನು ಓದಿದ ಕನ್ನಡ ವಿದ್ಯಾರ್ಥಿಗೆ ಸುಲಭವಾಗಿ ಹೊಳೆಯುತ್ತದೆ.

ಇಷ್ಟು ಪದಗಳ ಮಾತಾಯಿತು. ಇನ್ನು ‘ಯಾರು, ಯಾರಿಗೆ’ ಎಂಬ ಮುಖ್ಯ ಪ್ರಶ್ನೆಗೆ ಬರೋಣ. ‘ಬೇಗ’ ಎನ್ನಲು ಸ್ಪೇನಿನಲ್ಲಿ ಸಲುಗೆಯವರಿಗೆ ‘ದಾತೆ ಪ್ರೀಸ’, ಗೌರವದವರಿಗೆ ‘ದೇಸೆ ಪ್ರೀಸ’. ಲ್ಯಾಟಿನ್ ಅಮೆರಿಕದ ಬಹುಭಾಗದಲ್ಲಿ ಅದೇ ಭಾವಕ್ಕೆ ‘ಅಪೂರತೆ’, ಗೌರವದಲ್ಲಿ ‘ಅಪೂರೆಸೆ’. ಅರ್ಜೆಂಟೀನಾದಲ್ಲಿ ಸಲುಗೆಯ ಸರ್ವನಾಮವೇ ಬೇರೆ, ‘ಬೋಸ್’. ಅಲ್ಲಿ ಸ್ವರಭಾರ ಸರಿದು ‘ಅಪುರಾತೆ’ ಆಗುತ್ತದೆ. ಗೌರವದ ‘ಉಸ್ತೆದ್’ ಎಂಬ ಸರ್ವನಾಮವು ‘ತಮ್ಮ ಕೃಪೆ’ ಎಂಬರ್ಥದ ಹಳೆಯ ಸಂಬೋಧನೆಯೊಂದು ಸವೆದು ಆದುದು. ಆದುದರಿಂದ ಅದಕ್ಕೆ ಪ್ರಥಮಪುರುಷದ ಕ್ರಿಯಾಪದವೇ ಸೇರುತ್ತದೆ. ಎದುರಿಗಿರುವವರನ್ನು ಎದುರಿಗಿಲ್ಲದವರಂತೆ ಮಾತಾಡಿಸುವುದೇ ಅಲ್ಲಿನ ಮರ್ಯಾದೆ. ಆತ್ಮಾರ್ಥಕವಾದ ‘ತಾವು’ ನಮ್ಮಲ್ಲಿ ಗೌರವದ ‘ನೀವು’ ಆದ ಬಗೆಯನ್ನು ಬಲ್ಲವರಿಗೆ ಇದು ಅಪರಿಚಿತವಲ್ಲ. ಆದರೆ ಗೌರವದ ಗಡಿ ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಸ್ಪೇನಿನಲ್ಲಿ ಏಕವಚನದ ವ್ಯಾಪ್ತಿ ದೊಡ್ಡದು. ಅಂಗಡಿಯಲ್ಲಿಯೂ ಕಚೇರಿಯಲ್ಲಿಯೂ ಅದು ಸಾಮಾನ್ಯ. ಕೊಲಂಬಿಯಾದ ಅನೇಕ ಕಡೆಗಳಲ್ಲಿ ಮನೆಯವರ ನಡುವೆಯೂ ‘ಉಸ್ತೆದ್’ ಬಳಸುತ್ತಾರೆ.

ಈ ಗಡಿಯ ಮೇಲೆ ಅಸಹನೆಯ ಮಾತೊಂದು ಬಿದ್ದಾಗ ಏನಾಗುತ್ತದೆಂಬುದಕ್ಕೆ ಇಡೀ ಜಗತ್ತು ಕೇಳಿದ ಉದಾಹರಣೆಯೊಂದಿದೆ. 2007ರ ನವೆಂಬರ್ 10ರಂದು ಚಿಲಿಯ ರಾಜಧಾನಿ ಸಾಂತಿಯಾಗೋದಲ್ಲಿ ಸ್ಪ್ಯಾನಿಷ್ ಮತ್ತು ಪೋರ್ಚುಗೀಸ್ ಭಾಷಿಕ ದೇಶಗಳ ಶೃಂಗಸಭೆ ನಡೆದಿತ್ತು. ವೆನೆಜುವೆಲಾದ ಅಧ್ಯಕ್ಷ ಊಗೊ ಚಾವೆಸ್ ಅವರು ಸ್ಪೇನಿನ ಮಾಜಿ ಪ್ರಧಾನಿ ಅಸ್ನಾರ್ ಅವರನ್ನು ಫ್ಯಾಸಿಸ್ಟ್ ಎಂದು ಕರೆದಿದ್ದರು. ಅಂದಿನ ಪ್ರಧಾನಿ ಸಪಾತೆರೊ ಅದಕ್ಕೆ ಆಕ್ಷೇಪವೆತ್ತಿ ಮಾತನಾಡುತ್ತಿದ್ದಾಗ ಚಾವೆಸ್ ನಡುನಡುವೆ ಬಾಯಿ ಹಾಕುತ್ತಲೇ ಇದ್ದರು. ಆಗ ಸ್ಪೇನಿನ ದೊರೆ ಹ್ವಾನ್ ಕಾರ್ಲೋಸ್ ಅವರು ಚಾವೆಸ್ ಅವರ ಕಡೆ ತಿರುಗಿ ‘ಪೋರ್ ಕೆ ನೋ ತೆ ಕಾಯಾಸ್’ ಎಂದರು. ‘ಸುಮ್ಮನೇಕೆ ಇರಬಾರದು’ ಎಂದು ಅದನ್ನು ಅನುವಾದಿಸಿದರೆ ಅರ್ಧ ಅರ್ಥ ಕಳೆದುಹೋಗುತ್ತದೆ. ‘ನೀನು ಬಾಯಿ ಮುಚ್ಚಬಾರದೇನು’ ಎಂದರೆ ಸರಿಯಾದೀತು. ಏಕೆಂದರೆ ಅದು ಏಕವಚನ. ಸ್ಪೇನಿನಲ್ಲಿ ಹಲವರು ದೊರೆಯನ್ನು ಮೆಚ್ಚಿಕೊಂಡರು. ಆ ದನಿ ಮೊಬೈಲುಗಳ ರಿಂಗಣವಾಗಿಯೂ ಹರಿದಾಡಿತು. ಆದರೆ ಅಟ್ಲಾಂಟಿಕದಾಚೆಗೆ ಅದಕ್ಕೆ ಇನ್ನೊಂದು ಅರ್ಥವೂ ಹುಟ್ಟಿತು. ಮೂರು ಶತಮಾನಗಳ ಕಾಲ ಆಳಿದ ದೇಶದ ದೊರೆ, ಹಿಂದಿನ ವಸಾಹತೊಂದರ ಚುನಾಯಿತ ಅಧ್ಯಕ್ಷನನ್ನು ಏಕವಚನದಲ್ಲಿ ಗದರಿದನೆಂಬ ಅರ್ಥ. ಚಾವೆಸ್ ಅವರ ನಡತೆ ಸರಿಯಿತ್ತೇ ಎಂಬುದು ಬೇರೆ ಪ್ರಶ್ನೆ. ಮಾತೊಂದೇ, ಪದಗಳೊಂದೇ, ಕೇಳಿದವರು ನಿಂತ ನೆಲಕ್ಕೆ ತಕ್ಕಂತೆ ಅದರ ಭಾರ ಬೇರೆಯಾಯಿತು.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಸ್ಪ್ಯಾನಿಷಿನಲ್ಲಿಯೇ ಇದೆ: ಗೌರವ ಪೂರ್ತಿ ಇದ್ದು ಬಾಗಿಲು ಮಾತ್ರ ಮುಚ್ಚಿರುವ ಉದಾಹರಣೆ. ಮರಿಯಾನೊ ಹೊಸೆ ದೆ ಲಾರ್ರ 1833ರಲ್ಲಿ, ತನ್ನ 23ನೆಯ ವಯಸ್ಸಿನಲ್ಲಿ, ‘ಬ್ವೆಲ್ಬ ಉಸ್ತೆದ್ ಮನ್ಯಾನ’ ಎಂಬ ಲೇಖನವನ್ನು ಬರೆದನು. ಆ ಹೆಸರಿನ ಅರ್ಥ ‘ನಾಳೆ ಬನ್ನಿ’. ಹದಿನೈದು ದಿನಗಳಲ್ಲಿ ಎಲ್ಲ ಕೆಲಸವನ್ನೂ ಮುಗಿಸಿಕೊಂಡು ಹೋಗುವೆನೆಂದು ಮ್ಯಾಡ್ರಿಡಿಗೆ ಬಂದ ಫ್ರೆಂಚ್ ವ್ಯವಹಾರಸ್ಥನೊಬ್ಬನು ಆರು ತಿಂಗಳು ಅಲೆದು ಬರಿಗೈಯಲ್ಲಿ ಹಿಂದಿರುಗುವ ಕಥನವದು. ಅವನ ಹೆಸರಿನ ಅರ್ಥವೇ ಫ್ರೆಂಚಿನಲ್ಲಿ ‘ತಡವಿಲ್ಲದವನು’. ಹೋದ ಹೋದ ಕಡೆಯಲ್ಲೆಲ್ಲ ಅವನಿಗೆ ಸಿಕ್ಕಿದ್ದು ಉಸ್ತೆದ್ ಎಂಬ ಮರ್ಯಾದೆಯ ಸರ್ವನಾಮದೊಂದಿಗೆ ಅದೇ ಉತ್ತರ. ಲೇಖನದ ಕೊನೆಯಲ್ಲಿ ಲಾರ್ರ ತನ್ನ ಸೋಮಾರಿತನದ ಕಡೆಗೂ ಬೆರಳು ತೋರಿಸಿಕೊಂಡು ವಿಡಂಬನೆಯನ್ನು ಪೂರ್ಣಗೊಳಿಸುತ್ತಾನೆ. ನಮ್ಮ ಹಳ್ಳಿಗಳಲ್ಲಿ ದೆವ್ವ ಬಾಗಿಲು ತಟ್ಟದಿರಲೆಂದು ‘ನಾಳೆ ಬಾ’ ಎಂದು ಬಾಗಿಲ ಮೇಲೆ ಬರೆಯುವ ರೂಢಿಯೊಂದಿತ್ತು. ದೆವ್ವಕ್ಕೆ ‘ನಾಳೆ ಬಾ’, ನಾಗರಿಕರಿಗೆ ‘ನಾಳೆ ಬನ್ನಿ’. ವಚನ ಬದಲಾಯಿತು, ಬಾಗಿಲು ತೆರೆಯಲಿಲ್ಲ. ತಮ್ಮ ಭಾಷೆಯ ಅರ್ಜಿಗಾಗಿ, ತಮ್ಮ ಭಾಷೆಯ ಶಿಕ್ಷಕರಿಗಾಗಿ ಕಚೇರಿಗಳ ಮೆಟ್ಟಿಲು ಹತ್ತಿದ ಗಡಿನಾಡಿನವರಿಗೆ ಈ ಬಹುವಚನದ ಪರಿಚಯ ಚೆನ್ನಾಗಿಯೇ ಇದೆ.

ಅಂದರೆ ಅಸಹನೆಗೆ ದಿಕ್ಕಿದೆ. ಮೇಲಿನವರು ಕೆಳಗಿನವರಿಗೆ ತೋರುವ ಅಸಹನೆ ಗದರಿಕೆ. ಕೆಳಗಿನವರು ಮೇಲಿನವರಿಗೆ ತೋರುವ ಅಸಹನೆ ಪ್ರತಿಭಟನೆ. ಪದ ಮಾತ್ರ ಅದೇ. 1994ರ ಜನವರಿ 1ರಂದು ಮೆಕ್ಸಿಕೋದ ಚಿಯಾಪಾಸ್ ಪ್ರಾಂತದಲ್ಲಿ ಸಪಾತಿಸ್ತರು ದಂಗೆಯೆದ್ದಾಗ ಅವರ ಘೋಷಣೆಯ ಹೃದಯದಲ್ಲಿದ್ದುದು ‘ಬಾಸ್ತ’ ಎಂಬ ಒಂದೇ ಪದ. ಅವರಲ್ಲಿ ಹೆಚ್ಚಿನವರು ಮಾಯಾ ಭಾಷೆಗಳನ್ನಾಡುವ ಮೂಲನಿವಾಸಿಗಳು. ಸ್ಪ್ಯಾನಿಷ್ ಅವರ ತಾಯ್ನುಡಿಯಲ್ಲ. ಶತಮಾನಗಳಿಂದ ತಮ್ಮ ಪೂರ್ವಜರನ್ನು ಅವಸರಪಡಿಸಿದ, ಗದರಿದ ಭಾಷೆಯನ್ನೇ ಎತ್ತಿಕೊಂಡು, ಆಳುವವರಿಗೆ ಕೇಳಿಸುವಂತೆ ಅವರು ‘ಸಾಕು’ ಎಂದರು. ಅದೇ ಎರಡು ಪದಗಳನ್ನು ಜೋಡಿಸಿ ‘ಬಾಸ್ತ ಯಾ’ ಎಂಬ ಹೆಸರಿನಲ್ಲಿ ಸ್ಪೇನಿನ ಬಾಸ್ಕ್ ಪ್ರಾಂತದ ನಾಗರಿಕರು ಭಯೋತ್ಪಾದನೆಯ ವಿರುದ್ಧ ಸಂಘಟಿತರಾದರು. ಐರೋಪ್ಯ ಸಂಸತ್ತಿನ ಸಖರೋವ್ ಪ್ರಶಸ್ತಿ 2000ದಲ್ಲಿ ಅವರಿಗೆ ಸಂದಿತು. 2001ರ ಡಿಸೆಂಬರಿನಲ್ಲಿ ಆರ್ಥಿಕ ಕುಸಿತದಿಂದ ಕಂಗೆಟ್ಟ ಅರ್ಜೆಂಟೀನಾದ ಜನ ಅಡುಗೆಮನೆಯ ಪಾತ್ರೆಗಳನ್ನು ಬಡಿಯುತ್ತಾ ಬೀದಿಗಿಳಿದು ‘ಕೆ ಸೆ ಬಾಯನ್ ತೋದೋಸ್’, ‘ಎಲ್ಲರೂ ತೊಲಗಲಿ’ ಎಂದರು. ಬಾರದ ಮಗುವನ್ನು ಗದರುವ ‘ಕೆ ಬೆಂಗಸ್’ನಲ್ಲಿದ್ದ ‘ಕೆ’ಯೇ ಇಲ್ಲಿಯೂ ಮೊದಲಿಗಿದೆ, ಗದರುತ್ತಿರುವವರು ಮಾತ್ರ ಪ್ರಜೆಗಳು. 2011ರ ಮೇ 15ರಂದು ಸ್ಪೇನಿನ ಬೀದಿಗಳನ್ನು ತುಂಬಿದ ಯುವಜನರ ವೇದಿಕೆಯೊಂದರ ಹೆಸರು ‘ನಿಜವಾದ ಪ್ರಜಾಪ್ರಭುತ್ವ, ಯಾ’. ಅಲ್ಲಿಯ ಆ ಏಕಾಕ್ಷರವನ್ನು ‘ಈಗಲೇ’ ಎಂದು ಅನುವಾದಿಸಬಹುದು. ಆದರೆ ಅದರೊಳಗೆ ‘ಸಾಕು’ ಎಂಬುದೂ ‘ಇನ್ನೂ ಎಷ್ಟು ಕಾಯುವುದು’ ಎಂಬುದೂ ಕೂಡಿಕೊಂಡಿವೆ.

ಇಷ್ಟನ್ನು ನೋಡಿದ ಮೇಲೆ, ಉದ್ಗಾರಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸಿ ಕೂಡಲೇ ಬಳಸಲು ಹಚ್ಚುವ ಪದ್ಧತಿಯನ್ನು ನಾನೇಕೆ ಒಪ್ಪುವುದಿಲ್ಲವೆಂಬುದು ಸ್ಪಷ್ಟವಾಗಿರಬೇಕು. ಆ ಪದ್ಧತಿಯ ಪರವಾಗಿಯೂ ಒಂದು ವಾದವಿದೆ: ಉದ್ಗಾರಗಳನ್ನು ಬಳಸಿದರೆ ಮಾತು ಸಹಜವೆನಿಸುತ್ತದೆ, ಕಲಿಯುವವನ ಅಳುಕು ಹೋಗುತ್ತದೆ. ಇದರಲ್ಲಿ ಸತ್ಯವಿಲ್ಲದಿಲ್ಲ. ಗೆಳೆಯರ ನಡುವೆ ‘ಬಾಮೋಸ್’ ಎನ್ನುವುದರಿಂದ ಯಾವ ಅನಾಹುತವೂ ಆಗದು. ಆದರೆ ವ್ಯಾಕರಣದ ತಪ್ಪನ್ನು ಪರಭಾಷಿಕನದೆಂದು ಜನ ಕ್ಷಮಿಸುತ್ತಾರೆ. ಅಸಹನೆಯ ತಪ್ಪನ್ನು ಸ್ವಭಾವದ ತಪ್ಪೆಂದು ಎಣಿಸುತ್ತಾರೆ. ಉಳಿದ ಮಾತು ತೊದಲುತ್ತಿದ್ದು ಗದರಿಕೆ ಮಾತ್ರ ನಿರರ್ಗಳವಾಗಿದ್ದರೆ ಕೇಳುವವರಿಗೆ ಮುಜುಗರವಾಗುತ್ತದೆ. ಅದಲ್ಲದೆ ಈ ಪದಗಳ ಅಡಿಯಲ್ಲಿ ಅಗೋಚರವಾದ ಮೆಟ್ಟಿಲುಗಳಿವೆ. ‘ಕರಾಂಬ’ ಎಂಬ ಮುಗ್ಧವೆನಿಸುವ ಪದವೂ ಒಂದು ಅಶ್ಲೀಲ ಪದವನ್ನು ಮರೆಮಾಚಲು ಹುಟ್ಟಿದುದು. ಬುಧವಾರವೆಂಬರ್ಥದ ‘ಮ್ಯೆರ್ಕೊಲೆಸ್’ ಎಂದು ಯಾರಾದರೂ ಸಿಟ್ಟಿನಲ್ಲಿ ಕೂಗಿದರೆ, ಅವರು ವಾರವನ್ನು ಹೇಳುತ್ತಿಲ್ಲ. ಅದೇ ಅಕ್ಷರಗಳಿಂದ ಮೊದಲಾಗುವ ಹೊಲಸು ಪದವೊಂದನ್ನು ತುಟಿಯಲ್ಲಿಯೇ ತಡೆದು ತಿರುಗಿಸಿದ್ದಾರೆ. ಯಾವುದು ಯಾವ ಮೆಟ್ಟಿಲಿನಲ್ಲಿದೆ ಎಂಬುದು ವರ್ಷಗಳ ಕೇಳ್ಮೆಯಿಂದಲೇ ತಿಳಿಯಬೇಕು.

ಇಂತಹ ಪದಗಳನ್ನು ಕಲಿಸುವುದೇ ಬೇಡವೆನ್ನುವ ಮಡಿವಂತಿಕೆಯೂ ನನಗೆ ಒಪ್ಪಿಗೆಯಿಲ್ಲ. ಅಸಹನೆಯನ್ನು ಗುರುತಿಸಲಾರದವನು ಅದಕ್ಕೆ ಉತ್ತರಿಸಲಾರ. ತನ್ನನ್ನು ಗದರುತ್ತಿದ್ದಾರೆಯೋ, ಪ್ರೀತಿಯಿಂದ ಅವಸರಪಡಿಸುತ್ತಿದ್ದಾರೆಯೋ ಎಂಬುದು ತಿಳಿಯದೆ ನಿಲ್ಲುವುದು ಪರದೇಶದಲ್ಲಿ ದುಡಿಯುವವನ ಪಾಲಿಗೆ ದೊಡ್ಡ ಒಂಟಿತನ. ಸ್ಪೇನಿನವರು ಮಾತುಮಾತಿಗೆ ‘ಓಂಬ್ರೆ’ ಎನ್ನುತ್ತಾರೆ. ‘ಗಂಡಸೇ’ ಎಂಬುದು ಅಕ್ಷರಾರ್ಥವಾದರೂ ಹೆಂಗಸರಿಗೂ ಹೇಳುವುದುಂಟು. ಅದು ಬೈಗುಳವಲ್ಲ, ಅಸಹನೆಯ ಅಂಚನ್ನು ಮೃದುಗೊಳಿಸುವ ಮಾತು. ನಮ್ಮ ಕಾಸರಗೋಡು ಸೀಮೆಯಲ್ಲಿ ‘ಬೇಗ ಬಾ ಮಾರಾಯ’, ‘ಸಾಕು ಮಾರಾಯ್ತಿ’ ಎನ್ನುವಾಗ ಮಹಾರಾಯನೆಂಬ ಪದವಿ ಮಾಡುವುದೂ ಅದೇ ಕೆಲಸವನ್ನು. ‘ಬೇಗ ಬ’ ಎಂದು ಒರಟಾಗಬಹುದಾಗಿದ್ದ ಮಾತನ್ನು ಅದು ಸ್ನೇಹದ ವಲಯದೊಳಕ್ಕೆ ಎಳೆದುಕೊಳ್ಳುತ್ತದೆ.

ಹಾಗಾದರೆ ಕಲಿಯುವ ಬಗೆ ಯಾವುದು? ಮೊದಲು ಉತ್ತರಗಳನ್ನು ಕಲಿಯಿರಿ: ‘ಯಾ ಬೊಯ್’, ‘ಉನ್ ಮೊಮೆಂತೊ’ ಎಂದರೆ ಒಂದು ಕ್ಷಣ, ‘ಪೆರ್ದೋನ್’ ಎಂದರೆ ಕ್ಷಮಿಸಿ. ಬೇರೆಯವರ ಅಸಹನೆಯನ್ನು ತಣಿಸುವ ಮಾತು ಗೊತ್ತಿದ್ದವನಿಗೆ ಎಲ್ಲೆಡೆಯೂ ಜಾಗವಿದೆ. ಆಮೇಲೆ ಕೇಳಿರಿ. ಚಲನಚಿತ್ರವೋ ಸಂದರ್ಶನವೋ, ಏನನ್ನು ಕೇಳಿದರೂ ಒಂದು ಪುಸ್ತಕದಲ್ಲಿ ಮೂರು ಅಂಕಣಗಳನ್ನು ಮಾಡಿಕೊಳ್ಳಿ. ಮೊದಲನೆಯದರಲ್ಲಿ ಉದ್ಗಾರವನ್ನು ಕನ್ನಡ ಲಿಪಿಯಲ್ಲಿ, ದೀರ್ಘಗಳನ್ನು ಗುರುತಿಸಿ ಬರೆಯಿರಿ. ಎರಡನೆಯದರಲ್ಲಿ ಯಾರು, ಯಾರಿಗೆ, ಯಾವ ದೇಶದಲ್ಲಿ ಎಂಬುದನ್ನು ಬರೆಯಿರಿ. ಮೂರನೆಯದರಲ್ಲಿ ಅಂತಹದೇ ಹೊತ್ತಿನಲ್ಲಿ ನಿಮ್ಮ ಮನೆಯಲ್ಲಿ ಏನೆನ್ನುತ್ತಾರೆಂಬುದನ್ನು ಬರೆಯಿರಿ. ಗ್ರಂಥಸ್ಥ ಕನ್ನಡದಲ್ಲಿ ಅಲ್ಲ, ಅಜ್ಜಿ ಹೇಳುವ ಹಾಗೆಯೇ. ಕನ್ನಡವಾಗಲಿ, ತುಳುವಾಗಲಿ, ಹವ್ಯಕವಾಗಲಿ, ಕೊಂಕಣಿಯಾಗಲಿ, ಮಲಯಾಳಂ ಆಗಲಿ.

ಈ ಮೂರನೆಯ ಅಂಕಣವೇ ನನಗೆ ಮುಖ್ಯವಾದುದು. ಬೀದಿಯಲ್ಲಿ ಒಂದು ಭಾಷೆ, ಕಚೇರಿಯಲ್ಲಿ ಇನ್ನೊಂದು, ಪರೀಕ್ಷೆಯಲ್ಲಿ ಮತ್ತೊಂದು ಎಂದು ಹಂಚಿಹೋಗಿರುವ ನಮ್ಮ ಬದುಕಿನಲ್ಲಿ ತಾಯ್ನುಡಿ ಕಟ್ಟಕಡೆಗೆ ಉಳಿಯುವುದು ತಾಳ್ಮೆ ತಪ್ಪಿದ ಗಳಿಗೆಯ ನಾಲಗೆಯಲ್ಲಿ. ಅಲ್ಲಿಂದಲೂ ಅದು ಸರಿದುಹೋದರೆ ಆಮೇಲೆ ಉಳಿಯುವುದು ಪುಸ್ತಕದ ಭಾಷೆ ಮಾತ್ರ. ಆ ಮಾತುಗಳನ್ನು ಹಳ್ಳಿಗಾಡಿನವೆಂದು ನಾಚಿಕೊಂಡು ನಾವು ಬರೆದಿಟ್ಟಿಲ್ಲ; ಅವುಗಳಲ್ಲಿ ಎಷ್ಟೋ ಮಾತುಗಳಿಗೆ ನಿಘಂಟಿನಲ್ಲಿ ಜಾಗವಿಲ್ಲ. ಸ್ಪ್ಯಾನಿಷಿನ ‘ಬಾಸ್ತ’ದ ಹುಟ್ಟನ್ನು ಹುಡುಕುವ ಶ್ರದ್ಧೆಯನ್ನು ನಮ್ಮ ‘ಸಾಕು’, ‘ಯಾವು’ಗಳ ಮೇಲೆಯೂ ಇಟ್ಟರೆ ವಿಭಾಗದ ಒಂದು ವರ್ಷದ ಕಿರುಸಂಶೋಧನೆಗೆ ಅದೇ ವಿಷಯವಾದೀತು.

‘ಎಷ್ಟು ಬೇಗ ಎದ್ದರೂ ಬೆಳಗು ಬೇಗನೆ ಆಗದು’ ಎಂಬರ್ಥದ ಗಾದೆಯೊಂದು ಸ್ಪ್ಯಾನಿಷಿನಲ್ಲಿದೆ. ಉದ್ಗಾರಗಳ ಕಲಿಕೆಗೆ ಅದು ಚೆನ್ನಾಗಿ ಒಪ್ಪುತ್ತದೆ. ಅಸಹನೆಯ ಮಾತುಗಳನ್ನು ಕಲಿಯಲು ಬೇಕಾದುದು ಬಹಳ ದಿನಗಳ ತಾಳ್ಮೆ.